ಹಳೇ ಯೂ ಮರದಲ್ಲಿ ಬ್ರಾಕೆಟ್ ಅಣಬೆ: ಬಿಡೋದಾ, ಸವರೋದಾ, ಆಸರೆ ಕೊಡೋದಾ, ಕಡಿಯೋದಾ?

ಯೂ ಅಂದರೆ ಇಂಗ್ಲೆಂಡಿನ ಚರ್ಚಿನ ಅಂಗಳಗಳಲ್ಲಿ ಕಾಣುವ, ಸೂಜಿ ಎಲೆಯ, ಬಹುಕಾಲ ಬಾಳುವ ಮರ. ಹಳೇ ಯೂ ಮರದ ಬೊಡ್ಡೆಯಲ್ಲಿ ಅಣಬೆ ಹಲಗೆಯ ಹಾಗೆ ಚಾಚಿಕೊಂಡಿದ್ದು (ಇದಕ್ಕೇ ಬ್ರಾಕೆಟ್ ಅಣಬೆ ಅನ್ನುವುದು) ಕಂಡರೆ ಸುತ್ತಲಿನವರು ಕೊಡುವ ಮೊದಲ ಸಲಹೆ ಒಂದೇ: ಮರ ಲಡ್ಡಾಗಿದೆ, ಬೀಳುವ ಮುಂಚೆ ಕಡಿಸಿಬಿಡಿ. ದಯವಿಟ್ಟು ಅಷ್ಟು ಅವಸರ ಮಾಡಬೇಡಿ. ಒಳಗೆ ಕೊಳೆ ಇದೆ ಎಂಬುದನ್ನು ಮಾತ್ರ ಅಣಬೆ ಹೇಳುತ್ತದೆ. ಎಷ್ಟು ಕೊಳೆತಿದೆ, ಗಟ್ಟಿ ಮರ ಎಷ್ಟು ಉಳಿದಿದೆ, ಬೇರು ಹೇಗಿದೆ, ಇದ್ಯಾವುದನ್ನೂ ಅದು ಹೇಳುವುದಿಲ್ಲ. ನಿರ್ಧಾರ ನಿಲ್ಲಬೇಕಾದ್ದು ಉಳಿದಿರುವ ಗಟ್ಟಿ ಮರದ ಮೇಲೆ ಮತ್ತು ಮರದ ಕೆಳಗೆ ಯಾರು ಓಡಾಡುತ್ತಾರೆ ಅನ್ನುವುದರ ಮೇಲೆ. ಕೆಳಗೆ ಬರೆದಿರುವುದೆಲ್ಲ ಈ ಎರಡು ಸಂಗತಿಯ ಸುತ್ತಲೇ ಇದೆ.

ಯೂ ಬೇರೆ ಮರಗಳ ಹಾಗಲ್ಲ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಮರದ ಒಳಗಿನ ಚೇಗು, ಅಂದರೆ ಕೆಂಪು ಕಂದು ಬಣ್ಣದ ತಿರುಳು, ಈಗಾಗಲೇ ಸತ್ತ ಭಾಗ. ನೀರು ಮೇಲಕ್ಕೆ ಹೋಗುವುದು ಹೊರಗಿನ ತೆಳು ಬಿಳಿ ಮರದಲ್ಲಿ, ಎಲೆ ತಯಾರಿಸಿದ ಆಹಾರ ಕೆಳಗಿಳಿಯುವುದು ತೊಗಟೆಯ ಒಳಪದರದಲ್ಲಿ. ಹಾಗಾಗಿ ಚೇಗನ್ನು ತಿನ್ನುವ ಅಣಬೆಯಿಂದ ಮರ ಹಸಿವಿನಿಂದ ಸಾಯುವುದಿಲ್ಲ. ವಯಸ್ಸಾದ ಯೂ ಟೊಳ್ಳಾಗುವುದು ಸಹಜ, ಅದನ್ನು ರೋಗ ಅಂತ ಕರೆಯುವುದೇ ಅಷ್ಟು ಸರಿಯಲ್ಲ. ಇಂಗ್ಲೆಂಡಿನ ಸರ್ರೆ ಸೀಮೆಯ ಕ್ರೌಹರ್ಸ್ಟ್ ಚರ್ಚಿನ ಯೂ ಮರದ ಪೊಟರೆ ಎಷ್ಟು ದೊಡ್ಡದೆಂದರೆ 19ನೇ ಶತಮಾನದಲ್ಲಿ ಅದಕ್ಕೆ ಬಾಗಿಲನ್ನೇ ಕೂರಿಸಿದರು, ಮರ ಇವತ್ತಿಗೂ ಹಸಿರಾಗಿದೆ. ಸ್ಕಾಟ್ಲೆಂಡಿನ ಫೋರ್ಟಿಂಗಲ್ ಯೂ ಮರದ ಸುತ್ತಳತೆ 1769ರಲ್ಲಿ 52 ಅಡಿ ಅಂತ ದಾಖಲಾಗಿತ್ತು. ಆಮೇಲೆ ಆ ಕಾಂಡ ಬಿಡಿ ಬಿಡಿ ತುಂಡುಗಳಾಗಿ ನಿಂತಿತು. ಆ ತುಂಡುಗಳೂ ಬದುಕಿವೆ.

ಇನ್ನೊಂದು ವಿಶೇಷ ಇದೆ. ಸೂಜಿ ಎಲೆಯ ಮರಗಳಲ್ಲಿ ಬಹಳಷ್ಟು ಹಳೇ ಮರದಿಂದ ಮತ್ತೆ ಚಿಗುರುವುದಿಲ್ಲ, ಯೂ ಚಿಗುರುತ್ತದೆ. ಬೊಡ್ಡೆಯಿಂದ, ಬುಡದಿಂದ, ಮುರಿದ ಜಾಗದಿಂದ, ಎಲ್ಲಿಂದ ಬೇಕಾದರೂ. ನೆಲ ಮುಟ್ಟಿದ ಕೊಂಬೆ ಬೇರು ಬಿಟ್ಟು ಹೊಸ ಮರವಾಗಬಲ್ಲದು. ಪೊಟರೆಯೊಳಗೆ ಕೊಳೆತ ತನ್ನದೇ ಮರದ ಪುಡಿಗೆ ಬೇರು ಇಳಿಸಿ, ಆ ಬೇರೇ ದಪ್ಪವಾಗಿ ಒಳಗಿನ ಹೊಸ ಕಾಂಡದ ಹಾಗೆ ನಿಲ್ಲುವುದೂ ಉಂಟು. ಇಂಥ ಮರವನ್ನು ಒಂದು ಅಣಬೆ ನೋಡಿ ಕಡಿಯುವುದು ನನಗೆ ನಿಜಕ್ಕೂ ಸಂಕಟದ ವಿಷಯ. ನೂರಾರು ವರ್ಷದ ಮರವನ್ನು ಯಾವ ನರ್ಸರಿಯೂ ತಂದುಕೊಡಲಾರದು.

ಯಾವ ಅಣಬೆ ಅಂತ ಗುರುತಿಸುವುದು

ಯೂ ಮರದಲ್ಲಿ ಅತಿ ಹೆಚ್ಚಾಗಿ ಕಾಣುವುದು ಗಂಧಕದ ಹಳದಿ ಬಣ್ಣದ ಲೇಟಿಪೋರಸ್ ಸಲ್ಫ್ಯೂರಿಯಸ್. ಬೇಸಿಗೆ ಹೊತ್ತಿನಿಂದ ಚಳಿಗಾಲದ ಮುಂಚಿನವರೆಗೆ ಹೊರಬರುತ್ತದೆ. ಹೊಸದರಲ್ಲಿ ಮೆತ್ತಗೆ, ರಸಭರಿತ, ಮೇಲೆ ಕಿತ್ತಳೆ ಹಳದಿ, ಕೆಳಗೆ ಕಡು ಹಳದಿ. ಕೆಳಗಿನ ಭಾಗದಲ್ಲಿ ನಾಯಿಕೊಡೆಗೆ ಇರುವಂಥ ಪದರಗಳು ಇರುವುದಿಲ್ಲ, ಸಣ್ಣ ಸಣ್ಣ ತೂತು ಇರುತ್ತವೆ. ಒಂದರ ಮೇಲೊಂದು ಗೊಂಚಲಾಗಿ ಬೆಳೆಯುತ್ತದೆ. ಹಳತಾದಂತೆ ಬಣ್ಣ ಬಿಟ್ಟು ಬೆಳ್ಳಗೆ ಸುಣ್ಣದ ತುಂಡಿನ ಹಾಗಾಗಿ, ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಬುಡದಲ್ಲಿ ಅಂಥ ಬಿಳಿ ಪುಡಿ ಬಿದ್ದಿದ್ದರೆ ತಲೆ ಎತ್ತಿ ಮೇಲೆ ನೋಡಿ, ಕೊಂಬೆ ಕವಲೊಡೆಯುವ ಕಡೆ ಗುರುತು ಉಳಿದಿರಬಹುದು. ಇದು ಪ್ರತಿ ವರ್ಷ ಬರಲೇಬೇಕು ಅಂತಿಲ್ಲ. ಈ ವರ್ಷ ಕಾಣಲಿಲ್ಲ ಅಂದರೆ ವಾಸಿಯಾಯಿತು ಅಂತ ಅರ್ಥವಲ್ಲ, ಶಿಲೀಂಧ್ರದ ದೇಹ ಇರುವುದು ಮರದ ಒಳಗೆ.

ಇದು ಮಾಡುವ ಕೊಳೆಗೆ ಕಂದು ಕೊಳೆ ಅಂತಾರೆ. ಮರದ ನಾರಾದ ಸೆಲ್ಯುಲೋಸನ್ನು ತಿಂದು, ಆ ನಾರನ್ನು ಅಂಟಿಸಿ ಗಡಸಾಗಿಡುವ ಲಿಗ್ನಿನನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಉಳಿದ ಮರ ಕೆಂಪು ಕಂದಾಗಿ, ಒಣಗಿ, ಚೌಕ ಚೌಕವಾಗಿ ಬಿರುಕು ಬಿಡುತ್ತದೆ. ಬಿರುಕಿನ ನಡುವೆ ತೆಳು ಬಿಳಿ ಹಾಳೆಯಂಥ ಶಿಲೀಂಧ್ರ ಸಿಕ್ಕರೆ ಗುರುತು ಇನ್ನಷ್ಟು ಗಟ್ಟಿಯಾಯಿತು. ಕಂದು ಕೊಳೆಯ ತೊಂದರೆ ಏನೆಂದರೆ ಮರದ ಬಲ ಬಹಳ ಬೇಗ ಕುಸಿಯುತ್ತದೆ, ಹೊರಗೆ ಏನೂ ಕಾಣದಿದ್ದಾಗಲೇ. ಕೊಳೆತ ಮರ ಬಗ್ಗುವುದಿಲ್ಲ, ಮುನ್ಸೂಚನೆ ಕೊಡದೆ ಪಟ್ ಅಂತ ಮುರಿಯುತ್ತದೆ. ಸಮಾಧಾನದ ವಿಷಯ ಅಂದರೆ ಇದು ಹೆಚ್ಚಾಗಿ ಚೇಗಿಗೇ ಅಂಟಿಕೊಂಡಿರುತ್ತದೆ, ಜೀವಂತ ಹೊರಪದರದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಅದಕ್ಕೇ ಈ ಅಣಬೆ ಇರುವ ಯೂ ಮರಗಳು ತಲೆ ತುಂಬ ಹಸಿರು ಹೊತ್ತು ದಶಕಗಟ್ಟಲೆ ನಿಂತಿರುತ್ತವೆ.

ಈ ಹಳದಿ ಅಣಬೆ ತಿನ್ನಲು ಬರುತ್ತದೆ ಅಂತ ಕೇಳಿರಬಹುದು. ಯೂ ಮೇಲೆ ಬೆಳೆದದ್ದನ್ನು ಮಾತ್ರ ಬಾಯಿಗೆ ಹಾಕಬೇಡಿ. ಯೂ ಮರದಲ್ಲಿ ಟ್ಯಾಕ್ಸಿನ್ ಎಂಬ ವಿಷ ಇದೆ, ಹೃದಯಕ್ಕೆ ಹೊಡೆಯುವಂಥದ್ದು. ಬೀಜದ ಸುತ್ತಲಿನ ಕೆಂಪು ತಿರುಳೊಂದನ್ನು ಬಿಟ್ಟರೆ ಎಲೆ, ತೊಗಟೆ, ಬೀಜ, ಮರ ಎಲ್ಲವೂ ವಿಷವೇ. ಅಣಬೆಯ ಜೊತೆ ಒಂದು ಚೂರು ತೊಗಟೆ ಬಂದರೂ ಅಪಾಯ.

ಎರಡನೆಯದು ಗ್ಯಾನೋಡರ್ಮಾ ಗುಂಪಿನ ಅಣಬೆಗಳು. ಇವು ಮರದಷ್ಟೇ ಗಟ್ಟಿ, ವರ್ಷವರ್ಷಕ್ಕೂ ಉಳಿದು ಪದರ ಪದರವಾಗಿ ದಪ್ಪವಾಗುತ್ತವೆ. ಮೇಲ್ಭಾಗ ಕಂದು, ಅಂಚು ಬೆಳೆಯುವ ಕಾಲದಲ್ಲಿ ಬಿಳಿ. ಸುತ್ತಮುತ್ತಲಿನ ತೊಗಟೆ, ಎಲೆಗಳ ಮೇಲೆ ಕೋಕೋ ಬಣ್ಣದ ಪುಡಿ ಕೂತಿರುತ್ತದೆ, ಅದು ಅಣಬೆಯ ಬೀಜಕಣ. ಸಾಮಾನ್ಯವಾಗಿ ಬುಡದಲ್ಲೇ ಕಾಣುತ್ತವೆ. ಮಾಡುವುದು ಬಿಳಿ ಕೊಳೆ, ಅಂದರೆ ಲಿಗ್ನಿನ್ ಕೂಡ ಕರಗುತ್ತದೆ, ಮರ ನಾರು ನಾರಾಗಿ ಮೆತ್ತಗಾಗುತ್ತದೆ. ಬುಡ ಮತ್ತು ದೊಡ್ಡ ಬೇರಿನ ಕೊರಳಿನಲ್ಲಿ ಇದ್ದರೆ ನಾನು ಇದನ್ನು ಹಳದಿ ಅಣಬೆಗಿಂತ ಜಾಸ್ತಿ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಯಾಕೆಂದರೆ ಇಡೀ ಮರದ ಭಾರ ಹೊರುವ ಜಾಗ ಅದು.

ಮೂರನೆಯದು ಫಿಯೋಲಸ್ ಶ್ವೈನಿಟ್ಸಿಯೈ. ಇದು ಸೂಜಿ ಎಲೆ ಮರಗಳ ಅಣಬೆ, ಯೂ ಮೇಲೆ ಅಪರೂಪ. ಬುಡದಲ್ಲೋ, ಬುಡದಿಂದ ಸ್ವಲ್ಪ ದೂರ ನೆಲದಲ್ಲೋ ಮಖಮಲ್ಲಿನಂಥ ಮೈಯ ತಟ್ಟೆಯಾಗಿ ಏಳುತ್ತದೆ. ಎಳೆಯದರಲ್ಲಿ ಅಂಚು ಹಳದಿ, ಹಳತಾದರೆ ಪೂರ್ತಿ ಕಡು ಕಂದು. ಬೇರು ಮತ್ತು ಬುಡವನ್ನು ಕಂದು ಕೊಳೆಗೆ ಈಡುಮಾಡುತ್ತದೆ. ನೆಲದಿಂದ ಎದ್ದಿದೆ, ಮರಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಬಿಟ್ಟುಬಿಡುವವರು ಜಾಸ್ತಿ. ಇದನ್ನು ಕಂಡರೆ ಬೇರಿನ ಪರೀಕ್ಷೆ ಆಗಲೇಬೇಕು.

ಇನ್ನೊಂದು ಎಚ್ಚರಿಕೆ. ಮರದ ತಲೆ ಹಳದಿಯಾಗಿ, ಎಲೆ ತೆಳುವಾಗಿ, ತುದಿಯಿಂದ ಒಣಗುತ್ತಾ ಬಂದರೆ ತಪ್ಪನ್ನು ಹಳದಿ ಅಣಬೆಯ ಮೇಲೆ ಹಾಕಬೇಡಿ. ಯೂ ಮರಕ್ಕೆ ನೀರು ನಿಲ್ಲುವ ನೆಲ ಆಗಿಬರುವುದೇ ಇಲ್ಲ, ಅಂಥ ಕಡೆ ಫೈಟಾಫ್ತೊರಾ ಎಂಬ ಬೇರು ಕೊಳೆ ಬರುತ್ತದೆ, ಅದಕ್ಕೆ ಬ್ರಾಕೆಟ್ ಅಣಬೆಯೇ ಇರುವುದಿಲ್ಲ. ಬುಡದ ಸುತ್ತ ಮಣ್ಣು ಏರಿಸಿದ್ದು, ಗಾಡಿ ನಿಲ್ಲಿಸಿ ನೆಲ ಗಟ್ಟಿಯಾದದ್ದು, ಕೊಳವೆ ಹಾಕಲು ಅಗೆದು ಬೇರು ಕತ್ತರಿಸಿದ್ದು, ಇವೆಲ್ಲ ಅಣಬೆಗಿಂತ ಬೇಗ ಮರವನ್ನು ಕೊಲ್ಲುತ್ತವೆ.

ಒಳಗೆ ಎಷ್ಟು ಗಟ್ಟಿ ಇದೆ ಅಂತ ನೋಡುವ ದಾರಿಗಳು

ಮೊದಲು ಕಣ್ಣು. ಅಣಬೆ ಯಾವ ಎತ್ತರದಲ್ಲಿ, ಒಂದೇ ಕಡೆಯಾ ಸುತ್ತಲೂನಾ, ಕಾಂಡದಲ್ಲಿ ಹೊಸ ಬಿರುಕು ಇದೆಯಾ, ಬಾಗಿರುವ ಕಡೆಯ ಹಿಂದೆ ಮಣ್ಣು ಎದ್ದಿದೆಯಾ ಅಂತ ನೋಡಿ. ಸೊರಗಿದ ಜಾಗದ ಅಕ್ಕಪಕ್ಕ ಮರ ತಾನೇ ದಪ್ಪ ಏಣು ಕಟ್ಟಿಕೊಂಡಿದ್ದರೆ ಅದು ಒಳ್ಳೆಯ ಲಕ್ಷಣ, ಮರ ತನ್ನ ಬಲವನ್ನು ತಾನೇ ತುಂಬಿಕೊಳ್ಳುತ್ತಿದೆ. ಖರ್ಚಿಲ್ಲದ ಈ ಕೆಲಸವನ್ನು ಸರಿಯಾಗಿ ಮಾಡಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಆಮೇಲೆ ಕೊಡತಿ. ಮರದ ಅಥವಾ ನೈಲಾನ್ ತಲೆಯ ಸುತ್ತಿಗೆಯಿಂದ ಕಾಂಡದ ಸುತ್ತ ಹಗುರವಾಗಿ ತಟ್ಟುತ್ತಾ ಹೋದರೆ ಗಟ್ಟಿ ಎಲ್ಲಿ, ಟೊಳ್ಳು ಎಲ್ಲಿ ಅಂತ ದನಿಯಲ್ಲೇ ತಿಳಿಯುತ್ತದೆ. ಗೋಡೆ ತೆಳುವಾಗಿದೆ ಅಂತ ಇದು ಹೇಳಬಲ್ಲದು, ಎಷ್ಟು ಸೆಂಟಿಮೀಟರ್ ಅಂತ ಹೇಳಲಾರದು. ಬೇರಿನ ವಿಷಯದಲ್ಲಂತೂ ಕುರುಡು.

ಅಳತೆ ಬೇಕು ಅಂದರೆ ಎರಡು ಯಂತ್ರಗಳಿವೆ. ಒಂದು ಸೋನಿಕ್ ಟೊಮೊಗ್ರಾಫ್, ಕಾಂಡದ ಸುತ್ತ ಸಂವೇದಕಗಳನ್ನು ಸಣ್ಣ ಮೊಳೆಯಿಂದ ಕೂರಿಸಿ, ತಟ್ಟಿದ ಸದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಷ್ಟು ಹೊತ್ತಿನಲ್ಲಿ ಹೋಯಿತು ಅಂತ ಲೆಕ್ಕ ಹಾಕುತ್ತದೆ. ಗಟ್ಟಿ ಮರದಲ್ಲಿ ಸದ್ದು ಬೇಗ ಹೋಗುತ್ತದೆ, ಕೊಳೆಯನ್ನು ಬಳಸಿಕೊಂಡು ಹೋಗಬೇಕಾದಾಗ ತಡವಾಗುತ್ತದೆ. ಕಾಂಡದ ಅಡ್ಡ ಕೊಯ್ತದ ಬಣ್ಣದ ಚಿತ್ರವೇ ಸಿಗುತ್ತದೆ, ಮರಕ್ಕೆ ಗಾಯವೂ ಕಡಿಮೆ. ಆದರೆ ಯೂ ಕಾಂಡ ದುಂಡಗಿರುವುದಿಲ್ಲ, ಅನೇಕ ಕಾಂಡಗಳು ಸೇರಿ ಬೆಳೆದ ಹಾಗೆ ಏಣು, ತಗ್ಗು, ನಡುವೆ ಸಿಕ್ಕಿಕೊಂಡ ತೊಗಟೆ ಇರುತ್ತವೆ. ಬಿರುಕು ಮತ್ತು ಒಳಗಿನ ತೊಗಟೆಯನ್ನೂ ಯಂತ್ರ ಕೊಳೆ ಅಂತಲೇ ತೋರಿಸಿಬಿಡಬಹುದು. ಕೆಂಪು ನೀಲಿ ಚಿತ್ರ ನೋಡಿ ಹೆದರಿ ಕಡಿಸುವ ಮುಂಚೆ, ಯೂ ಮರಗಳನ್ನು ಬಲ್ಲ ತಜ್ಞರಿಂದ ಓದಿಸಿ.

ಇನ್ನೊಂದು ರೆಸಿಸ್ಟೋಗ್ರಾಫ್. ಸುಮಾರು 3 ಮಿಲಿಮೀಟರ್ ತುದಿಯ ಸೂಜಿಯನ್ನು ಮರದೊಳಗೆ ಕೊರೆಯುತ್ತಾ ಎಷ್ಟು ತಡೆ ಸಿಗುತ್ತದೆ ಅಂತ ಗೆರೆ ಬರೆಯುತ್ತದೆ. ಒಂದು ಬಿಂದುವಿನಲ್ಲಿ ಗಟ್ಟಿ ಗೋಡೆ ಇಷ್ಟು ದಪ್ಪ ಅಂತ ಇದರಿಂದ ಸ್ಪಷ್ಟವಾಗಿ ಗೊತ್ತಾಗುತ್ತದೆ. ತೊಂದರೆ ಏನೆಂದರೆ, ಕೊಳೆ ಹರಡದಂತೆ ಮರ ತಾನೇ ಕಟ್ಟಿಕೊಂಡ ತಡೆಯನ್ನು ಸೂಜಿ ತೂರಿಕೊಂಡು ಹೋಗುತ್ತದೆ. ಹಾಗಾಗಿ ಎಲ್ಲೆಂದರಲ್ಲಿ ಕೊರೆಸಬೇಡಿ. ನನ್ನ ಆಯ್ಕೆ ಟೊಮೊಗ್ರಾಫ್ ಮೊದಲು, ಅದು ಅನುಮಾನ ತೋರಿಸಿದ ಒಂದೆರಡು ಕಡೆ ಮಾತ್ರ ಸೂಜಿ. ಪೊಟರೆ ತೆರೆದಿದ್ದು ಒಳಗೆ ಕೈ ಹೋಗುತ್ತದೆ ಅಂದರೆ ಎರಡೂ ಬೇಡ, ಗೋಡೆಯ ದಪ್ಪವನ್ನು ನೇರವಾಗಿ ಅಳೆಯಿರಿ.

ಬುಡದ ಅಣಬೆಯಾದರೆ ದಾರಿ ಬೇರೆ. ಗಾಳಿಯ ಒತ್ತಡದಿಂದ ಮಣ್ಣು ಸರಿಸುವ ಏರ್ ಸ್ಪೇಡ್ ಬಳಸಿದರೆ ಬೇರಿಗೆ ಗಾಯವಾಗದೆ ನೋಡಬಹುದು. ಮರವನ್ನು ಹಗ್ಗ ಕಟ್ಟಿ ನಿಗದಿತ ಬಲದಲ್ಲಿ ಎಳೆದು, ಬುಡ ಎಷ್ಟು ವಾಲುತ್ತದೆ ಅಂತ ಅಳೆಯುವ ಎಳೆತ ಪರೀಕ್ಷೆಯೂ ಇದೆ. ಬೇರಿನ ಹಿಡಿತದ ಬಗ್ಗೆ ಅದರಷ್ಟು ನೇರವಾಗಿ ಹೇಳುವುದು ಬೇರೆ ಯಾವುದೂ ಇಲ್ಲ.

ಅಳತೆ ಬಂದ ಮೇಲೆ ಎಲ್ಲರೂ ಹಿಡಿದುಕೊಳ್ಳುವ ಸಂಖ್ಯೆ 0.3. ಮರಗಳ ಬಲವನ್ನು ಅಭ್ಯಾಸ ಮಾಡಿದ ಜರ್ಮನಿಯ ವಿಜ್ಞಾನಿ ಕ್ಲಾಸ್ ಮ್ಯಾಥೆಕ್ ಮುರಿದ ಮರಗಳನ್ನೂ ನಿಂತ ಮರಗಳನ್ನೂ ಹೋಲಿಸಿ ಹೇಳಿದ್ದು ಇದು: ಗಟ್ಟಿ ಗೋಡೆಯ ದಪ್ಪವನ್ನು ಕಾಂಡದ ತ್ರಿಜ್ಯದಿಂದ ಭಾಗಿಸಿದರೆ 0.3ಕ್ಕಿಂತ ಕಡಿಮೆ ಬಂದಾಗ ಮುರಿಯುವ ಅಪಾಯ ಏರುತ್ತದೆ. ಅಂದರೆ 50 ಸೆಂಟಿಮೀಟರ್ ತ್ರಿಜ್ಯದ ಕಾಂಡಕ್ಕೆ 15 ಸೆಂಟಿಮೀಟರ್ ಗಟ್ಟಿ ಗೋಡೆ. ಇದು ಎತ್ತರದ, ತುಂಬು ತಲೆಯ ಮರಗಳಿಗೆ ಒಂದು ಎಚ್ಚರಿಕೆಯ ಗೆರೆ ಅಷ್ಟೇ, ತೀರ್ಪಲ್ಲ. ಹಳೇ ಯೂ ಕುಳ್ಳಗೆ, ಬೊಡ್ಡೆ ಅಗಾಧ ದಪ್ಪ. ಎತ್ತರಕ್ಕೆ ಹೋಲಿಸಿದರೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಮರ ಅದರಲ್ಲಿರುತ್ತದೆ. ಆ ಸಂಖ್ಯೆಗಿಂತ ತುಂಬಾ ತೆಳು ಗೋಡೆಯ ಯೂಗಳು ಗಾಳಿ ಮಳೆಗೆ ನಿಂತೇ ಇವೆ. ಪೊಟರೆ ಒಂದು ಪಕ್ಕಕ್ಕೆ ತೆರೆದುಕೊಂಡಿದ್ದರೆ ಮಾತ್ರ ಹುಷಾರು. ಮುಚ್ಚಿದ ಕೊಳವೆಗೆ ಇರುವ ಬಲ ಸೀಳಿದ ಕೊಳವೆಗೆ ಇರುವುದಿಲ್ಲ.

ಏನು ಮಾಡಬಹುದು, ಯಾವುದು ಯಾರಿಗೆ

ಏನೂ ಮಾಡದೆ ಗಮನಿಸುತ್ತಾ ಇರುವುದು ನನ್ನ ಮೊದಲ ಆಯ್ಕೆ, ಇದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಹಳದಿ ಅಣಬೆ ಕಾಂಡದಲ್ಲಿ ಇದೆ, ತಲೆ ಹಸಿರಾಗಿದೆ, ಗೋಡೆ ದಪ್ಪ ಇದೆ, ಹೊಸ ಬಿರುಕಿಲ್ಲ ಅಂದರೆ ಇದೇ ಸರಿ. ವರ್ಷಕ್ಕೊಮ್ಮೆ, ಜೊತೆಗೆ ದೊಡ್ಡ ಬಿರುಗಾಳಿ ಆದ ಮೇಲೆ, ಅದದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಬಿರುಕಿನ ಎರಡು ಅಂಚಿಗೂ ಗುರುತು ಹಾಕಿ ಅಂತರ ಬರೆದಿಡಿ. ಒಂದು ವರ್ಷದ ಫೋಟೋದಿಂದ ಏನೂ ಗೊತ್ತಾಗುವುದಿಲ್ಲ, ವರ್ಷಗಳ ಸಾಲು ಇದ್ದರೆ ಮರ ಯಾವ ಕಡೆ ಹೋಗುತ್ತಿದೆ ಅಂತ ತಿಳಿಯುತ್ತದೆ.

ಎರಡನೆಯ ದಾರಿಯನ್ನು ಜನ ಯೋಚಿಸುವುದೇ ಇಲ್ಲ: ಮರವನ್ನು ಮುಟ್ಟದೆ ಕೆಳಗಿರುವುದನ್ನು ಸರಿಸುವುದು. ಬೆಂಚನ್ನು ಆಚೆ ಇಡಿ, ಕಾಲುದಾರಿಯನ್ನು ತುಸು ಬಳಸಿ ಹೋಗುವಂತೆ ಮಾಡಿ, ಕೆಳಗೆ ಗಿಡ ಹಾಕಿ ಜನ ಹತ್ತಿರ ಸುಳಿಯದ ಹಾಗೆ ಮಾಡಿ, ಗಾಡಿ ನಿಲ್ಲಿಸುವುದನ್ನು ತಪ್ಪಿಸಿ. ಕೊಂಬೆ ಮುರಿದು ಬಿದ್ದರೂ ಯಾರಿಗೂ ತಾಗದಿದ್ದರೆ ಅಪಾಯ ಎಲ್ಲಿಂದ ಬಂತು? ಒಂದು ಬೆಂಚು ಸರಿಸಿದರೆ ಮುಗಿಯುವ ಕೆಲಸಕ್ಕೆ ಗರಗಸ ತರುವುದು ನ್ಯಾಯವಲ್ಲ.

ಇದರ ಜೊತೆಗೆ ನೆಲದ ಆರೈಕೆ. ಮರದ ಚಕ್ಕೆಯ ಹೊದಿಕೆಯನ್ನು 5ರಿಂದ 10 ಸೆಂಟಿಮೀಟರ್ ದಪ್ಪ ಹರಡಿ, ಬೊಡ್ಡೆಗೆ ತಾಗದಂತೆ ಬಿಡಿ. ಏರಿಸಿದ ಮಣ್ಣು ಇದ್ದರೆ ಹುಷಾರಾಗಿ ಇಳಿಸಿ, ನೀರು ನಿಲ್ಲುತ್ತಿದ್ದರೆ ಹರಿದುಹೋಗುವ ದಾರಿ ಮಾಡಿ. ಕೊಳೆಯ ಓಟಕ್ಕಿಂತ ಬೇಗ ಮರ ಹೊರಗಿನಿಂದ ಹೊಸ ಪದರ ಕಟ್ಟಿಕೊಂಡರೆ ಅದು ಗೆಲ್ಲುತ್ತದೆ, ಆ ಪದರಕ್ಕೆ ಶಕ್ತಿ ಬರುವುದು ಬೇರು ಮತ್ತು ಎಲೆಯಿಂದ ಅಲ್ವಾ.

ಇಲ್ಲಿಂದ ಮುಂದೆ ಸವರುವುದು. ಗೋಡೆ ತೆಳುವಾಗಿದೆ, ಅಥವಾ ಬುಡದ ಹಿಡಿತ ಸಡಿಲವಾಗಿದೆ, ಕೆಳಗಿನ ಜಾಗವನ್ನು ಬದಲಾಯಿಸಲು ಆಗುವುದಿಲ್ಲ ಅನ್ನುವಾಗ ತಲೆಯ ಎತ್ತರ ಮತ್ತು ಹರವನ್ನು ಸ್ವಲ್ಪ ಇಳಿಸಬಹುದು. ಗಾಳಿ ಮೇಲೆ ಜೋರು, ತುದಿ ಬುಡದಿಂದ ದೂರ ಇರುವುದರಿಂದ ಸನ್ನೆಗೋಲಿನ ಹಾಗೆ ಎಳೆತವೂ ಜಾಸ್ತಿ, ಹಾಗಾಗಿ ತುದಿಯಲ್ಲಿ ಸ್ವಲ್ಪ ಇಳಿಸಿದರೂ ಬುಡದ ಮೇಲಿನ ಎಳೆತ ಚೆನ್ನಾಗಿ ಇಳಿಯುತ್ತದೆ. ಆದರೆ ತೆಗೆದ ಪ್ರತಿ ಹಸಿರು ಕೊಂಬೆಯೂ ಮರದ ಆಹಾರ, ಪ್ರತಿ ದೊಡ್ಡ ಗಾಯವೂ ಹೊಸ ಕೊಳೆಗೆ ಬಾಗಿಲು. ಅದಕ್ಕೆ ಒಂದೇ ಸಲ ಬೋಳಿಸದೆ ವರ್ಷಗಳ ಅಂತರ ಕೊಟ್ಟು ಹಂತಹಂತವಾಗಿ ಮಾಡಿ. ತುದಿಯ ಸಣ್ಣ ಕೊಂಬೆಗಳನ್ನು ಒಳಗಿನ ಚಿಗುರಿನವರೆಗೆ ತೆಗೆಯಿರಿ, ಬೊಡ್ಡೆಯಲ್ಲಿ ಬಂದ ಎಳೆ ಚಿಗುರುಗಳನ್ನು ಯಾವ ಕಾರಣಕ್ಕೂ ಕೀಳಬೇಡಿ, ನಾಳೆಯ ಮರ ಅವೇ. ಬರಗಾಲದಲ್ಲಿ, ಗಡಸು ಹಿಮದಲ್ಲಿ, ಹಕ್ಕಿ ಗೂಡು ಕಟ್ಟುವಾಗ ಈ ಕೆಲಸ ಬೇಡ. ಒಣಕೊಂಬೆಯನ್ನು ದಾರಿಯ ಮೇಲೆ ಬಾಗಿದ್ದರೆ ಮಾತ್ರ ತೆಗೆಸಿ. ಯೂ ಮರದ ಒಣ ಚೇಗು ದಶಕಗಳ ಕಾಲ ಹಾಗೇ ಗಟ್ಟಿಯಾಗಿ ಇರಬಲ್ಲದು.

ಒಂದೇ ಒಂದು ಭಾರದ ಅಡ್ಡ ಕೊಂಬೆ ಚಿಂತೆಗೆ ಕಾರಣವಾಗಿದ್ದು, ಮಿಕ್ಕ ಮರ ಚೆನ್ನಾಗಿದ್ದರೆ ಸವರುವುದಕ್ಕಿಂತ ಆಸರೆ ಮೇಲು. ನೆಲದಿಂದ ಕಂಬ ಕೊಡುವಾಗ ಕೊಂಬೆಯನ್ನು ಮೇಲಕ್ಕೆ ಎತ್ತಬಾರದು, ಈಗಿರುವ ಜಾಗದಲ್ಲೇ ಹೊರುವಂತಿರಬೇಕು. ತಾಗುವ ಕಡೆ ಅಗಲವಾದ ಮೆತ್ತೆ ಇರಬೇಕು. ಎರಡು ಕವಲು ಬೇರ್ಪಡುತ್ತಿದ್ದರೆ ಮೇಲುಗಡೆ ಹಿಗ್ಗುವ ಸಿಂಥೆಟಿಕ್ ಹಗ್ಗದ ಕಟ್ಟು ಹಾಕಬಹುದು. ಇವೆರಡೂ ಹಾಕಿ ಮರೆಯುವ ವಸ್ತುಗಳಲ್ಲ, ಪ್ರತಿ ವರ್ಷ ನೋಡಬೇಕು, ಹಗ್ಗಕ್ಕೆ ಆಯಸ್ಸಿದೆ, ಬದಲಾಯಿಸಬೇಕು. ಹಿಂದಿನವರು ಹಾಕಿದ ಕಬ್ಬಿಣದ ಪಟ್ಟಿ, ಸರಪಳಿ ಹಳೇ ಮರಗಳ ತೊಗಟೆಯೊಳಗೆ ಹೂತುಹೋಗಿ ಕತ್ತು ಹಿಸುಕುತ್ತಿರುತ್ತವೆ. ಅವನ್ನು ತೆಗೆಯಬೇಕೋ ಬಿಡಬೇಕೋ ಅನ್ನುವುದು ತಜ್ಞರ ತೀರ್ಮಾನ, ಸುಮ್ನೆ ಕಿತ್ತರೆ ಸೀಳುವ ಅಪಾಯ ಇದೆ.

ಕಡಿಯುವುದು ಕೊನೆಯದು. ಬುಡದ ಸುತ್ತ ಹೆಚ್ಚಿನ ಭಾಗ ಕೊಳೆತು, ಎಳೆತ ಪರೀಕ್ಷೆಯಲ್ಲಿ ಬೇರು ಸೋತು, ಕೆಳಗೆ ಸರಿಸಲಾಗದ ಮನೆಯೋ ರಸ್ತೆಯೋ ಇದ್ದು, ಸವರಿದರೂ ಸಾಲದು ಅಂತ ಸ್ಪಷ್ಟವಾದಾಗ ಮಾತ್ರ. ಆಗಲೂ ನೆಲಮಟ್ಟಕ್ಕೆ ಕೊಯ್ಯುವ ಬದಲು ಆಳೆತ್ತರದ ಬೊಡ್ಡೆಯನ್ನು ಉಳಿಸಿ. ಅದು ಮತ್ತೆ ಚಿಗುರುವ ಸಾಧ್ಯತೆ ಚೆನ್ನಾಗಿದೆ. ಮೊದಲೇ ಕಡ್ಡಿ ಕತ್ತರಿಸಿ ಬೇರು ಬರಿಸಿಟ್ಟುಕೊಂಡರೆ ಆ ಮರದ ವಂಶವಾದರೂ ಉಳಿಯುತ್ತದೆ. ಇಂಗ್ಲೆಂಡಿನ ಸೆಲ್ಬೋರ್ನ್ ಚರ್ಚಿನ ಪ್ರಸಿದ್ಧ ಯೂ 1990ರ ಜನವರಿಯ ಬಿರುಗಾಳಿಗೆ ಬಿತ್ತು. ಕೊಂಬೆ ಸವರಿ ಎತ್ತಿ ನಿಲ್ಲಿಸಿದರೂ ಬದುಕಲಿಲ್ಲ, ಅದರ ಕಡ್ಡಿಯಿಂದ ಬಂದ ಗಿಡ ಬೆಳೆಯಿತು.

ಕೆಲವು ಹಳೇ ಉಪಾಯಗಳನ್ನು ಆಯ್ಕೆಗಳ ಪಟ್ಟಿಯಿಂದಲೇ ತೆಗೆದುಹಾಕಿ. ಪೊಟರೆಗೆ ಕಾಂಕ್ರೀಟ್ ತುಂಬುವುದು, ಕೊಳೆತದ್ದನ್ನೆಲ್ಲ ಗಟ್ಟಿ ಮರ ಸಿಗುವವರೆಗೆ ಕೆರೆದು ತೆಗೆಯುವುದು, ನೀರು ಹೋಗಲಿ ಅಂತ ತೂತು ಕೊರೆಯುವುದು, ಗಾಯಕ್ಕೆ ಬಣ್ಣ ಬಳಿಯುವುದು. ಕಾಂಕ್ರೀಟ್ ಗಾಳಿಯಲ್ಲಿ ಮರದ ಜೊತೆ ಬಾಗುವುದಿಲ್ಲ, ಒಳಗೆ ಉಜ್ಜಿ ತೇವ ಹಿಡಿದಿಡುತ್ತದೆ. ಕೆರೆಯುವುದರಿಂದ ಮರ ಕಟ್ಟಿಕೊಂಡ ತಡೆಯೇ ಒಡೆಯುತ್ತದೆ. ಅಣಬೆಯನ್ನು ಕಿತ್ತುಹಾಕಿದರೆ ಕೊಳೆ ನಿಲ್ಲುವುದಿಲ್ಲ, ಜೊತೆಗೆ ಮುಂದಿನ ಬಾರಿ ಬಂದ ತಜ್ಞರಿಗೆ ಗುರುತೂ ಸಿಗುವುದಿಲ್ಲ. ಚೇಗಿನ ಕೊಳೆಯನ್ನು ವಾಸಿಮಾಡುವ ಔಷಧಿಯೂ ಇಲ್ಲ, ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಯಾವ ಕೆಲಸಕ್ಕೂ ಮುಂಚೆ ಅನುಮತಿ ಬೇಕಾ ಅಂತ ನೋಡಿ. ಇಂಗ್ಲೆಂಡಿನಲ್ಲಿ ಟ್ರೀ ಪ್ರಿಸರ್ವೇಷನ್ ಆರ್ಡರ್, ಅಂದರೆ ಮರವನ್ನು ಕಾಪಾಡುವ ಆದೇಶ, ಇರುವ ಮರಕ್ಕೆ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಹಳೇ ಕಟ್ಟಡ, ಬೀದಿಗಳ ಸೊಗಸಿಗಾಗಿ ಗುರುತಿಸಿದ ಸಂರಕ್ಷಿತ ಪ್ರದೇಶದಲ್ಲಿ (ಕನ್ಸರ್ವೇಷನ್ ಏರಿಯಾ), 1.5 ಮೀಟರ್ ಎತ್ತರದಲ್ಲಿ 75 ಮಿಲಿಮೀಟರ್‌ಗಿಂತ ದಪ್ಪ ಇರುವ ಮರವಾದರೆ 6 ವಾರ ಮುಂಚೆ ತಿಳಿಸಬೇಕು. ಚರ್ಚಿನ ಅಂಗಳದ ಮರಕ್ಕೆ ಚರ್ಚಿನದೇ ಅನುಮತಿಯ ವ್ಯವಸ್ಥೆ ಬೇರೆ ಇದೆ. ಪೊಟರೆಯಲ್ಲಿ ಬಾವಲಿ ಇದ್ದರೆ ಅವಕ್ಕೂ ಕಾನೂನಿನ ರಕ್ಷಣೆ ಇದೆ. ತಜ್ಞರನ್ನು ಆರಿಸುವಾಗ ಹಳೇ ಮರಗಳ ಕೆಲಸದ ಅನುಭವ ಕೇಳಿ. ಸಲಹೆ ಕೊಡುವವರೇ ಕಡಿಯುವ ಗುತ್ತಿಗೆಯನ್ನೂ ಹಿಡಿಯುವವರಾಗಿದ್ದರೆ ಎರಡನೆಯ ಅಭಿಪ್ರಾಯ ಪಡೆಯಿರಿ.

ಸವರಿದ ಸೊಪ್ಪನ್ನು ದನ, ಕುದುರೆ, ಆಡು, ಕುರಿ ಓಡಾಡುವ ಕಡೆ ಒಂದು ಗಳಿಗೆಯೂ ಬಿಡಬೇಡಿ. ಒಣಗಿದರೂ ಅದರ ವಿಷ ಹೋಗುವುದಿಲ್ಲ, ಸ್ವಲ್ಪ ತಿಂದರೂ ಪ್ರಾಣಿ ಸಾಯುತ್ತದೆ. ಗರಗಸ ಹಿಡಿದವರು ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳಲಿ. ಕೆಲಸ ಮುಗಿದ ದಿನವೇ ಸೊಪ್ಪನ್ನೆಲ್ಲ ಗುಡಿಸಿ ಸಾಗಿಸಿ.